ಬೀಟೆ ಗುಜರಿಗೆ, ರೆಕ್ಸಿನ್ ಪಡಸಾಲೆಗೆ!

ಮೇ ಮುಗಿದು ಜೂನ್ ಕಾಲಿಡುವ ಹೊತ್ತಿಗೆ ಶಿವಮೊಗ್ಗದಂಥ ಊರಿನ ಹಳೇ ಸಾಮಾನಿನ ಅಂಗಡಿಗಳಿಗೆ ಸುಗ್ಗಿ. ವರ್ಗಾವಣೆ ಆರ್ಡರು ಕೈಗೆ ಬಂದ ನೌಕರರು ಲಾರಿ ಬಾಡಿಗೆಯ ಲೆಕ್ಕ ಹಾಕಿ, "ಇದನ್ನೆಲ್ಲ ಹೊತ್ಕೊಂಡು ಹೋಗೋರ್ಯಾರು?" ಎಂದು ಮಂಚ, ಬೀರು, ಕುರ್ಚಿಗಳನ್ನು ಬಂದಷ್ಟಕ್ಕೆ ಬಿಟ್ಟು ಹೊರಡುತ್ತಾರೆ. ಹೊಸದಾಗಿ ವರ್ಗವಾಗಿ ಬಂದವರು ಅದೇ ಅಂಗಡಿ ಮುಂದೆ ನಿಂತು ಚೌಕಾಸಿ ನಡೆಸುತ್ತಾರೆ. ಕೆಲವು ಕುರ್ಚಿಗಳು ತಹಸೀಲ್ದಾರರಿಗಿಂತ ಹೆಚ್ಚು ತಾಲೂಕು ಕಂಡಿವೆ.

ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಸೆಕೆಂಡ್ ಹ್ಯಾಂಡ್ ಎಂದರೆ ಮೂಗು ಮುರಿಯುತ್ತಿದ್ದ ಮನೆಗಳವರೇ ಈಗ ಹಳೇ ಮೇಜು ತಂದು ಪಾಲಿಶ್ ಹಾಕಿಸಿ, ಹಳೇ ಸೋಫಾಕ್ಕೆ ಹೊಸ ಬಟ್ಟೆ ಹೊದಿಸಿ, ಬಂದ ನೆಂಟರಿಗೆ ತೋರಿಸುತ್ತಾರೆ. ಒಳ್ಳೆಯದೇ. ತೊಂದರೆ ಇರುವುದು ಯಾವುದನ್ನು ಉಳಿಸಿಕೊಳ್ಳುತ್ತಾರೆ, ಯಾವುದನ್ನು ಎಸೆಯುತ್ತಾರೆ ಎಂಬಲ್ಲಿ.

ಅಜ್ಜನ ಕಾಲದ ಬೀಟೆಯ ಆರಾಮ ಕುರ್ಚಿಯ ಬೆತ್ತ ಹರಿದರೆ ಸಾಕು, ಅದಕ್ಕೆ ಹಿತ್ತಿಲೇ ಗತಿ. ಮಳೆಗಾಲ ಒಂದೆರಡು ಕಳೆದ ಮೇಲೆ ಗುಜರಿಯವನು ಬಂದು ಸೌದೆಯ ಲೆಕ್ಕದಲ್ಲಿ ಎತ್ತಿಕೊಂಡು ಹೋಗುತ್ತಾನೆ. ಅದರ ಜಾಗಕ್ಕೆ ಕಂತಿನ ಮೇಲೆ ಒಂದು ಹೊಸ ಸೋಫಾ. ಹೊರಗೆ ರೆಕ್ಸಿನ್, ಒಳಗೆ ಮರದ ಚೂರನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ನೆಲ ಒರೆಸುವ ನೀರು ತಾಗಿದರೂ ಆ ಹಲಗೆ ಉಬ್ಬುತ್ತದೆ, ಒಮ್ಮೆ ಕಿತ್ತು ಬಂದ ತಿರುಪುಮೊಳೆ ಮತ್ತೆ ಕೂರುವುದಿಲ್ಲ. ಕಂತು ತೀರುವ ಮೊದಲೇ ಸೋಫಾ ಕುಸಿದಿರುತ್ತದೆ. ಆಗ ಮನೆಯವರು ಮಾಡುವುದೇನು? ಅದೇ ಸತ್ತ ಅಸ್ಥಿಪಂಜರಕ್ಕೆ ಸಾವಿರಾರು ರೂಪಾಯಿ ಕೊಟ್ಟು ಹೊಸ ಬಟ್ಟೆ ಹೊಲಿಸುತ್ತಾರೆ! ಹೆಣಕ್ಕೆ ಸಿಂಗಾರ ಮಾಡಿದಂತೆ.

ಹಳೇ ಸಾಮಾನು ಕೊಳ್ಳಲು ಹೋದವರು ಮೊದಲು ಹೊಳಪು ನೋಡುತ್ತಾರೆ. ಅಂಗಡಿಯವನಿಗೂ ಅದು ಗೊತ್ತು. ಕಾಡುಮರಕ್ಕೆ ಕಡುಕಂದು ಬಣ್ಣ ಬಳಿದು "ಪ್ಯೂರ್ ಬೀಟೆ ಸಾರ್, ಬ್ರಿಟಿಷರ ಕಾಲದ್ದು" ಎಂದುಬಿಟ್ಟರೆ ವ್ಯಾಪಾರ ಕುದುರಿತು. ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿದರೆ ಅದು ತನ್ನ ಜಾತಕವನ್ನು ತಾನೇ ಹೇಳುತ್ತದೆ. ಅಡಿಭಾಗಕ್ಕೆ ಬಣ್ಣ ಬಳಿಯುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಕಾಲು, ಪಟ್ಟಿಗಳು ಸೇರುವ ಕಡೆ ಕಚ್ಚು ತೆಗೆದು ಮರದ ಕೀಲು ಬಡಿದಿದೆಯೋ, ಇಲ್ಲಾ ಬರೀ ಮೊಳೆ, ಪಿನ್ನು ಹೊಡೆದು ನಿಲ್ಲಿಸಿದೆಯೋ ನೋಡಬೇಕು. ಮೂಲೆಯಲ್ಲಿ ಉಗುರಿನಷ್ಟು ಕೆರೆದರೆ ತೇಗ ತನ್ನ ಎಣ್ಣೆಯ ವಾಸನೆ ಬಿಟ್ಟುಕೊಡುತ್ತದೆ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳು ಇನ್ನೂ ಒಳಗೇ ಊಟಕ್ಕೆ ಕೂತಿದೆ ಎಂದೇ ಅರ್ಥ. ಅದನ್ನು ಮನೆಗೆ ತಂದರೆ ಮಿಕ್ಕ ಮರಕ್ಕೂ ಹರಡೀತು. ತೇಗದಲ್ಲೂ ಹುಳು ಹಿಡಿಯುವುದು ಅಂಚಿನ ಬಿಳಿ ಭಾಗಕ್ಕೆ. ಒಳಗಿನ ಚೇಗಿನ ತಂಟೆಗೆ ಗೆದ್ದಲು ಕೂಡ ಸುಲಭಕ್ಕೆ ಬರುವುದಿಲ್ಲ.

ಮಲೆನಾಡಿನವರಿಗೆ ಮರದ ಬೆಲೆ ಹೇಳಿಕೊಡಬೇಕೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿದಾಗ ಊರು ಬಿಟ್ಟವರಲ್ಲಿ ಕಂಬ, ಬಾಗಿಲುಗಳನ್ನು ಕಿತ್ತು ಗಾಡಿಗೆ ಹೇರಿಕೊಂಡು ಹೋದವರಿದ್ದರು. ಇಂದು ಅಂಥ ಮರ ಬೇಕೆಂದರೂ ಸಿಗುವುದು ಕಷ್ಟ. ತಮ್ಮ ಜಮೀನಿನಲ್ಲೇ ನಿಂತ ಬೀಟೆಯನ್ನೂ ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಕಡಿಯುವಂತಿಲ್ಲ. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೂ ಒಳಪಟ್ಟಿವೆ. ಅಷ್ಟು ಕಾವಲಿನ ಮರ ಹಿತ್ತಿಲಲ್ಲಿ ಕೋಳಿ ಕೂರುವ ಕುರ್ಚಿಯಾಗಿ ಬಿದ್ದಿರುತ್ತದೆ!

ಇನ್ನು ಪಾಲಿಶ್ ವಿಚಾರ. ಹಳೇ ಕಾಲದ ಸಾಮಾನಿಗೆ ಹಾಕುತ್ತಿದ್ದುದು ಅರಗಿನ ಪಾಲಿಶ್. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ, ಹತ್ತಿಯ ಉಂಡೆಗೆ ತೆಳು ಬಟ್ಟೆ ಸುತ್ತಿ, ಒಂದರ ಮೇಲೊಂದು ತೆಳುವಾಗಿ ಎಳೆಯುತ್ತಾ ಹೋಗುವ ಕೆಲಸ. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ನಿಜ. ಆದರೆ ರಿಪೇರಿಯೂ ಅಷ್ಟೇ ಸಲೀಸು. ಹೊಸ ಕೈ ಹಳೇ ಕೈಯಲ್ಲೇ ಕರಗಿ ಒಂದಾಗುವುದರಿಂದ ಅನೇಕ ಸಲ ಕೆರೆಯುವ ಗೋಜೇ ಇಲ್ಲ. ಈಗಿನ ಮೆಲಮೈನ್, ಪಿ.ಯು. ಲೇಪಗಳು ನೀರಿಗೆ ಬಗ್ಗುವುದಿಲ್ಲ. ಆದರೆ ಒಮ್ಮೆ ಎದ್ದು ಬಂದರೆ ಇಡೀ ಮೈ ಉಜ್ಜಿ ತೆಗೆದು ಹೊಸದಾಗಿಯೇ ಶುರು ಮಾಡಬೇಕು. ಊಟದ ಮೇಜಿಗೆ ಅವೇ ಇರಲಿ. ಅಜ್ಜನ ಕುರ್ಚಿಗೆ ಅರಗೇ ಸಾಕು.

ನಮ್ಮ ಕಡೆಯ ಇನ್ನೊಂದು ಅವಸರ, ಜುಲೈ ಮಳೆಯಲ್ಲಿ ಪಾಲಿಶ್ ಮಾಡಿಸುವುದು. ಶ್ರಾವಣದ ಪೂಜೆಗೆ ಮನೆ ಲಕಲಕ ಅನ್ನಬೇಕಲ್ಲ! ತೇವದ ಗಾಳಿಯಲ್ಲಿ ಅರಗು ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ. ಬೈಗುಳ ಮಾತ್ರ ಪಾಲಿಶ್‌ನವನಿಗೆ. ದಸರಾ ಕಳೆದು ಬಿಸಿಲು ಬಿದ್ದ ಮೇಲೆ ಮಾಡೋಣ ಎಂದು ಅವನು ಹೇಳಿದರೆ "ಕೆಲಸ ತಪ್ಪಿಸ್ಕೋತಾನೆ" ಎನ್ನುವವರೂ ಇದ್ದಾರೆ, ಪಾಪ.

ತಾವೇ ಉಪ್ಪುಕಾಗದ ಹಿಡಿದು ಕೂರುವ ಉತ್ಸಾಹಿಗಳಿಗೆ ಒಂದು ಮಾತು. ಹಳೇ ತೊಟ್ಟಿಲು, ಮಕ್ಕಳ ಮಂಚದ ಎನಾಮಲ್ ಬಣ್ಣವನ್ನು ಒಣಗಿದಂತೆಯೇ ಉಜ್ಜಬಾರದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ ಬಲ್ಲವರಾರು? ಆ ಧೂಳು ಕೂಸಿನ ಹೊಟ್ಟೆಗೆ ಹೋದರೆ ಮಿದುಳಿಗೇ ಪೆಟ್ಟು. ಒದ್ದೆ ಮಾಡಿಕೊಂಡು ಉಜ್ಜಬೇಕು, ಕೂಸನ್ನು ದೂರವಿಡಬೇಕು, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದೂ ಬೇಡ. ಬೆಂಕಿ ಕಡ್ಡಿ ಇಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಬೇಕು.

ಮೆತ್ತೆಯಲ್ಲಿ ನಡೆಯುವ ಮೋಸ ಕಣ್ಣಿಗೇ ಕಾಣದು. ಬಟ್ಟೆಯನ್ನು ಹತ್ತು ಬಣ್ಣ ತೋರಿಸಿ ಆರಿಸಲು ಬಿಡುತ್ತಾರೆ, ಒಳಗಿನ ಫೋಮ್ ಕೇಳುವವರಿಲ್ಲ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದೇ ಅದರ ಡೆನ್ಸಿಟಿ. ಕೂರುವ ಜಾಗಕ್ಕೆ 32 ಇಲ್ಲವೇ 40 ಇದ್ದರೆ ಬಾಳಿಕೆ. ಹಗುರದ್ದು ಹಾಕಿದರೆ ವರ್ಷದೊಳಗೆ ಗುಣಿ ಬೀಳುತ್ತದೆ. ಹಳೇ ಸೋಫಾದ ತೆಂಗಿನ ನಾರು, ಗೋಣಿತಟ್ಟು, ಸ್ಪ್ರಿಂಗುಗಳನ್ನು ಕಂಡೊಡನೆ ಕಿತ್ತೆಸೆಯುವವರೂ ಉಂಟು. ನಾರನ್ನು ಬಿಸಿಲಿಗೆ ಹಾಕಿ ಹಿಂಜಿ, ಸ್ಪ್ರಿಂಗಿಗೆ ಹೊಸ ಹುರಿ ಕಟ್ಟಿದರೆ ಅನೇಕ ವೇಳೆ ಅದೇ ಸಾಕಾಗುತ್ತದೆ. ಮಲೆನಾಡಿನ ಮಳೆಗೆ ರೆಕ್ಸಿನ್‌ಗಿಂತ, ಬಿಚ್ಚಿ ಒಗೆಯಲು ಬರುವ ದಪ್ಪ ಹತ್ತಿ ಬಟ್ಟೆ ವಾಸಿ. ಬೂಷ್ಟು ಹಿಡಿದ ರೆಕ್ಸಿನ್ ಮೇಲೆ ಕೂತು ಕಾಫಿ ಕುಡಿಯುವ ಸುಖ ಯಾರಿಗೂ ಬೇಡ.

ಇಷ್ಟೆಲ್ಲ ಮಾಡುವ ಕೈಗಳೆಲ್ಲಿ ಎಂಬುದೇ ದೊಡ್ಡ ಪ್ರಶ್ನೆ. ಬೆತ್ತದ ಕುರ್ಚಿಯನ್ನೇ ತೆಗೆದುಕೊಳ್ಳಿ. ಚೌಕಟ್ಟಿನ ಸುತ್ತ ಸುಮಾರು ಅರ್ಧ ಅಂಗುಲಕ್ಕೊಂದರಂತೆ ತೂತು. ನೀರಲ್ಲಿ ನೆನೆಸಿದ ಬೆತ್ತದ ಎಳೆಯನ್ನು ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಓರೆಯಾಗಿ ಎರಡು ಸಲ ಎಳೆದಾಗ ಆ ಜೇನುಗೂಡಿನಂಥ ಹೆಣಿಗೆ ಮೂಡುತ್ತದೆ. ದೇಶದ ಅನೇಕ ಅಂಧರ ಶಾಲೆಗಳಲ್ಲಿ ಈ ವಿದ್ಯೆ ಕಲಿಸುತ್ತಿದ್ದರು. ಕಣ್ಣಿಲ್ಲದವರು ಬೆರಳಲ್ಲೇ ತೂತು ಎಣಿಸಿ ಹೆಣೆದ ಕುರ್ಚಿಗಳ ಮೇಲೆ ಸಾಹೇಬರುಗಳು ಕೂತು ಫೈಲು ನೋಡಿದರು. ಪ್ಲಾಸ್ಟಿಕ್ ಎಳೆ ಬಂತು, ಆಮೇಲೆ ಗಾಲಿ ಕುರ್ಚಿ ಬಂತು, ಹೆಣೆಯುವವರ ಕೈಗೆ ಕೆಲಸ ತಪ್ಪಿತು.

ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಶಾಲು, ಪ್ರದರ್ಶನ, ಫೋಟೋ ಎಲ್ಲ ಉಂಟು. ಅದು ಸಲ್ಲತಕ್ಕದ್ದೇ. ಆದರೆ ಮೂರು ದಿನ ಬೆನ್ನು ಬಗ್ಗಿಸಿ ಕುರ್ಚಿ ಹೆಣೆದವನ ಕೂಲಿಯಲ್ಲಿ ನೂರು ರೂಪಾಯಿ ಹಿಡಿಯುವ ಗೃಹಸ್ಥರು, ಷೋರೂಮಿನಲ್ಲಿ ಚೀಟಿಯ ಮೇಲಿದ್ದ ಬೆಲೆಯನ್ನು ಬಾಯಿ ಬಿಡದೆ ಕೊಟ್ಟು ಬರುತ್ತಾರೆ. ಹೀಗಾದರೆ ಆ ಹೆಣಿಗೆಯವನ ಮಗ ಅಪ್ಪನ ಕಸುಬು ಯಾಕೆ ಕಲಿತಾನು? ಮೊಬೈಲ್ ಅಂಗಡಿಗೋ ಡೆಲಿವರಿಗೋ ಹೋಗುತ್ತಾನೆ. ಹೋಗಲಿ, ಅವನ ತಪ್ಪಲ್ಲ.

ಮನೆಗಳ ಮಾತಾಯಿತು. ಸರ್ಕಾರದ್ದು ಇದಕ್ಕೂ ಚಂದ. ಹಳೇ ಸರ್ಕಾರಿ ಶಾಲೆ, ಕಚೇರಿಗಳ ಜಗಲಿಯಲ್ಲಿ ಕಾಲು ಮುರಿದ ಮರದ ಬೆಂಚು, ಬೆತ್ತ ಹರಿದ ಕುರ್ಚಿ ಗುಡ್ಡೆ ಬಿದ್ದಿರುವುದು ಯಾವ ತಾಲೂಕಿನವರಿಗೆ ಹೊಸದು? ನಿರುಪಯುಕ್ತ ಎಂದು ಬರೆಯಬೇಕು, ಮೇಲಿನವರು ಒಪ್ಪಬೇಕು, ಹರಾಜಾಗಬೇಕು. ಆ ಕಾಗದ ಮೇಜಿನಿಂದ ಮೇಜಿಗೆ ನಡೆಯುವಷ್ಟರಲ್ಲಿ ಮಳೆ ಎರಡು, ಗೆದ್ದಲು ಒಂದು ಸುತ್ತು ಬಂದಿರುತ್ತದೆ. ಒಂದು ಕಾಲು, ಎರಡು ಕೀಲು ಹಾಕಿದರೆ ಇನ್ನೂ ಮೂವತ್ತು ವರ್ಷ ಮಕ್ಕಳನ್ನು ಹೊರುವ ಬೆಂಚಿಗೆ 'ಕಂಡೆಮ್' ಎಂಬ ಮುದ್ರೆ!

ಐ.ಟಿ.ಐ.ಗಳಲ್ಲಿ ಕಾರ್ಪೆಂಟರ್ ಕೋರ್ಸ್ ಕಲಿಯುವ ಹುಡುಗರಿದ್ದಾರೆ. ಅಭ್ಯಾಸಕ್ಕೆ ಅವರಿಗೆ ಮರ ಬೇಕು. ಇಲ್ಲಿ ಮರ ಕೊಳೆಯುತ್ತಿದೆ. ವರ್ಷಕ್ಕೊಮ್ಮೆ ಜಗಲಿಯ ಗುಡ್ಡೆಯನ್ನು ಅವರ ಮುಂದೆ ಹಾಕಿ, ಸಾಮಗ್ರಿಯ ಜೊತೆ ನ್ಯಾಯವಾದ ಕೂಲಿಯನ್ನೂ ಕೊಟ್ಟರೆ ಹುಡುಗರಿಗೆ ವಿದ್ಯೆ, ಶಾಲೆಗೆ ಬೆಂಚು. ಊರಿನಲ್ಲಿ ಉಳಿದಿರುವ ಒಬ್ಬಿಬ್ಬರು ಹೆಣಿಗೆಯವರು, ಪಾಲಿಶ್‌ನವರನ್ನು ಕರೆಸಿ ದಿನಗೂಲಿ ಕೊಟ್ಟು ಅದೇ ಹುಡುಗರಿಗೆ ಹೇಳಿಕೊಡಲು ಕೂರಿಸಬಹುದು. ಇದಕ್ಕೆ ಅನುದಾನ, ಸುತ್ತೋಲೆ, ಸಮಿತಿ ಎಂದೆಲ್ಲ ಶುರುವಾಗುತ್ತದೆ ಎಂಬುದು ಗೊತ್ತಿದ್ದದ್ದೇ. ಅಷ್ಟರೊಳಗೆ ಮಳೆ ಹಿಡಿದಿರುತ್ತದೆ. ಜಗಲಿಯ ಬೆಂಚುಗಳ ಮೇಲೆ ಸದ್ಯಕ್ಕೊಂದು ತಾಡಪಾಲು ಹೊದಿಸುವುದಕ್ಕಾದರೂ ಯಾರ ಸಹಿಯೂ ಬೇಕಿಲ್ಲ.