ತೆರೆಯಬಲ್ಲ ಗಣಕಯಂತ್ರ ಬೇಕು

ಮೇಜಿನ ಮೇಲಿನ ಗಣಕಯಂತ್ರದ ಒಳಭಾಗವನ್ನು ನೀವು ನೋಡಿದ್ದೀರಾ? ಅನೇಕ ಯಂತ್ರಗಳಲ್ಲಿ ಮೆಮೊರಿ ಸಾಲದಾದಾಗ ಇನ್ನೊಂದು ಪಟ್ಟಿಯನ್ನು ಸಿಕ್ಕಿಸಬಹುದು. ಹಳೆಯ ಯಂತ್ರಕ್ಕೆ ಹೊಸ ಬಲ ಬರುತ್ತದೆ.

ಆ್ಯಪಲ್ ಕಂಪನಿಯ ಮೇಜು ಗಣಕಗಳು ಈ ಗುಣವನ್ನು ಬಿಟ್ಟುಕೊಟ್ಟಿವೆ. 2013ರಲ್ಲಿ ಅದು ದುಂಡನೆಯ ಮ್ಯಾಕ್ ಪ್ರೊ ತಯಾರಿಸಿತು. ಬಿಸಿಯ ತೊಡಕಿನಿಂದ ಅದರಲ್ಲಿ ಹೆಚ್ಚಿನ ಸುಧಾರಣೆ ಕಷ್ಟವೆಂದು 2017ರಲ್ಲಿ ತಾನೇ ಒಪ್ಪಿಕೊಂಡಿತು. 2019ರ ಮ್ಯಾಕ್ ಪ್ರೊದಲ್ಲಿ ಬಳಸುವವರೇ ಮೆಮೊರಿ ಸೇರಿಸಬಹುದಿತ್ತು. 2023ರ ಮಾದರಿಯಲ್ಲಿ ಆ ಅವಕಾಶ ಇಲ್ಲವಾಯಿತು. 2024ರ ಪುಟ್ಟ ಮ್ಯಾಕ್ ಮಿನಿಯಲ್ಲಿಯೂ ಅಷ್ಟೇ. ಕೊಳ್ಳುವಾಗ ಎಷ್ಟು ಮೆಮೊರಿ ಇತ್ತೋ ಕೊನೆಯವರೆಗೂ ಅಷ್ಟೇ.

ಇದಕ್ಕೆ ಕಾರಣವೂ ಇದೆ. ಮೆಮೊರಿಯು ಪ್ರೊಸೆಸರಿನ ಮಗ್ಗುಲಲ್ಲೇ ಇದ್ದರೆ ಕೆಲಸ ವೇಗವಾಗುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಕೈಯಲ್ಲಿ ಒಯ್ಯುವ ಯಂತ್ರಕ್ಕೆ ಇದು ಒಪ್ಪುತ್ತದೆ. ಆದರೆ ಒಂದೇ ಕಡೆ ಕುಳಿತಿರುವ ಯಂತ್ರಕ್ಕೆ ಜಾಗದ ಕೊರತೆಯೇನು? ಮೆಮೊರಿ ಸಾಲದೆಂದು ಸುಸ್ಥಿತಿಯಲ್ಲಿರುವ ಯಂತ್ರವನ್ನೇ ಬದಲಿಸಿದರೆ ಹಣಕ್ಕೂ ನಷ್ಟ, ಭೂಮಿಗೂ ಕಸದ ಹೊರೆ.

ಮುಂದಿನ ಮೇಜು ಗಣಕಗಳಲ್ಲಿ ಒಂದಾದರೂ 2019ರ ದಾರಿಯನ್ನು ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ನೀವು ಯಾವ ಗಣಕಯಂತ್ರವನ್ನೇ ಕೊಳ್ಳಿ, "ಇದರ ಮೆಮೊರಿಯನ್ನು ಮುಂದೆ ಹೆಚ್ಚಿಸಬಹುದೇ?" ಎಂದು ಮೊದಲು ಕೇಳಿ. ಕೊಳ್ಳುವವರು ಕೇಳದಿದ್ದರೆ ಮಾಡುವವರು ಯೋಚಿಸುವುದಿಲ್ಲ.