ಹಳದಿ ಓಲೆ, ಹಿತ್ತಾಳೆ ಬಿಲ್ಲೆ, ಅಕ್ಕಿಕಾಳಿನಷ್ಟು ಚಿಪ್

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ಈಗ ಯಾರ ಕೊಟ್ಟಿಗೆಯನ್ನು ಇಣುಕಿದರೂ ಹಸುವಿನ ಕಿವಿಯಲ್ಲಿ ಹಳದಿಯ ಓಲೆಯೊಂದು ಕಾಣಿಸುತ್ತದೆ. ಅದರ ಮೇಲೆ 12 ಅಂಕೆಗಳ ಸಂಖ್ಯೆ. ಕಾಲುಬಾಯಿ ಜ್ವರದ ಲಸಿಕೆಯನ್ನು ಯಾವ ದನಕ್ಕೆ ಹಾಕಿದೆ, ಯಾವುದಕ್ಕೆ ಹಾಕಿಲ್ಲ ಎಂಬ ಲೆಕ್ಕವೆಲ್ಲ ಆ ಸಂಖ್ಯೆಯ ಮೇಲೆಯೇ ನಡೆಯುತ್ತದೆ. ಅದೇ ಮನೆಯ ಜಗುಲಿಯ ಮೇಲೆ ಮಲಗಿರುವ ನಾಯಿಗೆ ಮಾತ್ರ ಯಾವ ಗುರುತೂ ಇಲ್ಲ. ಇಂಥವರ ಮನೆಯ ನಾಯಿಯೆಂದು ಊರಿಗೆಲ್ಲ ತಿಳಿದಿರುವಾಗ ಗುರುತು ಏತಕ್ಕೆ? ಆದರೆ ಆ ಮನೆಯ ಮಗ ಹಾಸನದಲ್ಲಿಯೋ ಬೆಂಗಳೂರಿನಲ್ಲಿಯೋ ಸಂಸಾರ ಹೂಡಿ ನಾಯಿಯೊಂದನ್ನು ಸಾಕಿದನೆಂದರೆ ಸಂಗತಿಯೇ ಬೇರೆ. ಎದುರುಮನೆಯವರ ಹೆಸರನ್ನೇ ಅರಿಯದ ಬಡಾವಣೆಯಲ್ಲಿ ನಾಯಿಯ ಒಡೆಯನನ್ನು ಯಾರು ಬಲ್ಲರು? ಪಶುವೈದ್ಯರು ಮೈಕ್ರೋಚಿಪ್‌ನ ಮಾತೆತ್ತುತ್ತಾರೆ. ಮನೆಯಾಕೆ, “ಜೀವವಿರುವ ಪ್ರಾಣಿಯ ಮೈಯೊಳಗೆ ಯಂತ್ರವೇ? ಅದರಿಂದ ಅರ್ಬುದ ಹುಟ್ಟುತ್ತದಂತಲ್ಲ!” ಎಂದು ಹಿಂಜರಿಯುತ್ತಾಳೆ. ಈ ವಾರ ಆ ಭಯವನ್ನೇ ತಕ್ಕಡಿಯಲ್ಲಿಟ್ಟು ತೂಗಿ ನೋಡೋಣ.

ಪ್ರಾಣಿಗೆ ನೋವಾಗದ ಗುರುತು ಹಿಂದೆಯೂ ವಿರಳವಾಗಿತ್ತು. ಕಬ್ಬಿಣ ಕಾಯಿಸಿ ದನಕ್ಕೆ ಬರೆ ಎಳೆಯುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಸುಟ್ಟ ಗಾಯ ಮಾಯಲು ವಾರಗಳೇ ಹಿಡಿಯುತ್ತಿದ್ದವು. ಹಳದಿ ಓಲೆಯೂ ಪೂರ್ತಿ ನಿರಪಾಯವಲ್ಲ. ಚುಚ್ಚಿದ ಜಾಗಕ್ಕೆ ಮಳೆಗಾಲದಲ್ಲಿ ನೊಣ ಮುತ್ತಿ ಹುಳು ಬೀಳುವುದುಂಟು, ಬೇಲಿಗೆ ಸಿಕ್ಕಿ ಕಿವಿ ಹರಿಯುವುದೂ ಉಂಟು. ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದಾಗ ಅರಿವಳಿಕೆಯಲ್ಲಿಯೇ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ಅದು ದೂರದಿಂದಲೇ ಕಾಣುವ ಒಳ್ಳೆಯ ಗುರುತು. ಆದರೆ ಚಿಕಿತ್ಸೆಯಾಗಿದೆಯೆಂದು ತಿಳಿಸುತ್ತದೆಯೇ ಹೊರತು ಯಾರ ನಾಯಿಯೆಂದು ಹೇಳುವುದಿಲ್ಲ. ಹಚ್ಚೆ ಹಾಕಿಸಿದರೆ ವರುಷ ಕಳೆದಂತೆ ಮಸುಕಾಗುತ್ತದೆ, ಕೂದಲಿನಲ್ಲಿ ಮುಚ್ಚಿಹೋಗುತ್ತದೆ.

ಇನ್ನು ಚಿಪ್. ಇದು ಗಾಜಿನ ಕೋಶದಲ್ಲಿ ಮುಚ್ಚಿಟ್ಟ, ಸುಮಾರು 12 ಮಿಲಿಮೀಟರ್ ಉದ್ದದ, ದೊಡ್ಡ ಅಕ್ಕಿಕಾಳಿನಂಥ ವಸ್ತು. ದಪ್ಪ ಸೂಜಿಯಿಂದ ನಾಯಿಯ ಹೆಗಲುಗಳ ನಡುವೆ ಚರ್ಮದಡಿಗೆ ಇದನ್ನು ಸೇರಿಸುತ್ತಾರೆ. ಇದರಲ್ಲಿ ಬ್ಯಾಟರಿ ಇಲ್ಲ. ಸ್ಕ್ಯಾನರನ್ನು ಹತ್ತಿರ ಹಿಡಿದಾಗ ಮಾತ್ರ ಎಚ್ಚೆತ್ತು 15 ಅಂಕೆಗಳ ತನ್ನ ಸಂಖ್ಯೆಯನ್ನು ಹೇಳಿ ಮತ್ತೆ ಸುಮ್ಮನಾಗುತ್ತದೆ. ಕಳೆದ ನಾಯಿ ಎಲ್ಲಿದೆಯೆಂದು ಇದು ತಾನಾಗಿಯೇ ತಿಳಿಸುತ್ತದೆಂದು ಹಲವರು ನಂಬಿದ್ದಾರೆ, ಅದು ಸುಳ್ಳು.

ಅರ್ಬುದದ ಭಯ ಬರಿಯ ಗಾಳಿಮಾತಲ್ಲ, ಅದಕ್ಕೊಂದು ಮೂಲವಿದೆ. ಪ್ರಯೋಗಶಾಲೆಗಳ ಇಲಿಗಳಿಗೆ ಗುರುತಿಗೆಂದು ಚಿಪ್ ಹಾಕಿದ್ದಾಗ ಕೆಲವುಗಳಲ್ಲಿ ಅದರ ಸುತ್ತಲೇ ಗೆಡ್ಡೆ ಬೆಳೆದುದು 1990ರ ದಶಕದಿಂದ ವರದಿಯಾಯಿತು. ನೂರಕ್ಕೆ ಸುಮಾರು ಒಂದರಿಂದ ಹತ್ತರವರೆಗೆ ಎಂಬುದು ಆ ವರದಿಗಳ ಲೆಕ್ಕ. 2007ರಲ್ಲಿ ಪತ್ರಿಕೆಗಳು ಇದನ್ನು ಎತ್ತಿ ಬರೆದಾಗ ಜಗತ್ತೆಲ್ಲ ಬೆಚ್ಚಿತು. ಆದರೆ ಇಲಿಯ ಮೈಗೆ ಹೋಲಿಸಿದರೆ ಆ ಚಿಪ್ ಬಹು ದೊಡ್ಡದು. ಅಲ್ಲದೆ ಚರ್ಮದಡಿ ಯಾವ ವಸ್ತುವನ್ನಿಟ್ಟರೂ ಇಲಿಗಳಲ್ಲಿ ಗೆಡ್ಡೆ ಬೆಳೆಯುವ ಸ್ವಭಾವ ಹೆಚ್ಚು. ನಾಯಿಗಳಲ್ಲಿ ನೋಡಿದರೆ, 2004 ಮತ್ತು 2006ರಲ್ಲಿ ಇಟಲಿಯ ವೈದ್ಯರು ತಿಳಿಸಿದಂಥ ಬೆರಳೆಣಿಕೆಯ ಪ್ರಸಂಗಗಳು ಮಾತ್ರ ಪ್ರಕಟವಾಗಿವೆ. ಅವುಗಳಿಗೂ ಚಿಪ್‌ವೇ ಕಾರಣವೆಂದು ನಿಸ್ಸಂದೇಹವಾಗಿ ಸಿದ್ಧಪಟ್ಟಿಲ್ಲ. ಚಿಪ್ ಹೊತ್ತ ನಾಯಿ ಬೆಕ್ಕುಗಳೋ ಲೋಕದಲ್ಲಿ ಕೋಟ್ಯಂತರ ಇವೆ. ಆದುದರಿಂದ ಅಪಾಯ ಸೊನ್ನೆಯೆನ್ನಲಾಗದು. ಅತ್ಯಲ್ಪವೆಂದು ಧೈರ್ಯವಾಗಿ ಹೇಳಬಹುದು. ಆ ಜಾಗದಲ್ಲಿ ಗಂಟು ಕಂಡು ದಿನದಿನಕ್ಕೆ ಬೆಳೆಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು, ಅಷ್ಟೆ.

ನಿಜವಾಗಿ ಆಗಾಗ ಎದುರಾಗುವ ತೊಂದರೆಗಳು ಚಿಕ್ಕವು. ಚಿಪ್ ಇಟ್ಟ ಜಾಗದಿಂದ ಸರಿದು ಭುಜದ ಕಡೆಗೋ ಕಾಲಿನ ಕಡೆಗೋ ಇಳಿಯುವುದು, ಸ್ವಲ್ಪ ಊತ, ಅಪರೂಪಕ್ಕೆ ಕೀವು. ತೀರ ಎಳೆಯ ಮರಿಗೆ ಕೈಪಳಗದವರು ಸೂಜಿ ಹಾಕಿ ಅದು ಬೆನ್ನುಹುರಿಯವರೆಗೆ ಹೋದ ಪ್ರಸಂಗಗಳೂ ದಾಖಲಾಗಿವೆ. ಇದರಿಂದಲೇ ಹೇಳುವುದು, ಈ ಕೆಲಸ ನಾಯಿ ಮಾರುವ ಅಂಗಡಿಯವನದಲ್ಲ, ಪಶುವೈದ್ಯರದು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ? ಅಮೆರಿಕದ 53 ಪ್ರಾಣಿ ಆಶ್ರಯಧಾಮಗಳಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ದಾರಿ ತಪ್ಪಿ ಬಂದ ಒಟ್ಟು ನಾಯಿಗಳಲ್ಲಿ ನೂರಕ್ಕೆ 22 ಮನೆ ಸೇರಿದರೆ, ಚಿಪ್ ಇದ್ದವುಗಳಲ್ಲಿ 52 ಸೇರಿದುವು. ಬೆಕ್ಕುಗಳಲ್ಲಿ ನೂರಕ್ಕೆ ಎರಡಕ್ಕೂ ಕಡಿಮೆಯಿದ್ದುದು 38ಕ್ಕೇರಿತು. ಚಿಪ್ ಇದ್ದೂ ಒಡೆಯರು ಸಿಗದಿದ್ದುದಕ್ಕೆ ಮುಖ್ಯ ಕಾರಣ ಬಹು ಸಾಮಾನ್ಯವಾದುದು: ಕೊಟ್ಟಿದ್ದ ದೂರವಾಣಿ ಸಂಖ್ಯೆ ತಪ್ಪಾಗಿತ್ತು, ಇಲ್ಲವೆ ಬಳಕೆಯಲ್ಲಿರಲಿಲ್ಲ.

ಮನುಷ್ಯರ ಆರೋಗ್ಯಕ್ಕೂ ಇದರ ನಂಟಿದೆ. ತಪ್ಪಿಸಿಕೊಂಡು ಹೆದರಿದ ನಾಯಿ ಬೀದಿಯಲ್ಲಿ ಮಗುವೊಂದನ್ನು ಕಚ್ಚಿತೆನ್ನಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲುಗಂಟೆ ತೊಳೆದು ಆಸ್ಪತ್ರೆಗೆ ಧಾವಿಸಿ ಲಸಿಕೆ ಆರಂಭಿಸತಕ್ಕದ್ದು; ನಾಯಿಯ ಗುರುತು ಸಿಗಲೆಂದು ಒಂದು ದಿನವೂ ಕಾಯಕೂಡದು. (ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಗಳ ಕಾಲ ಮುಗಿಯಿತು, ಈಗ ತೋಳಿಗೆ ನಾಲ್ಕೈದು ಸಾಕು.) ಆದರೆ ನಾಯಿ ಯಾರದೆಂದು ತಿಳಿದರೆ ಅದನ್ನು ಹತ್ತು ದಿನ ಕಣ್ಣಿಟ್ಟು ನೋಡಬಹುದು. ಅಷ್ಟು ದಿನವೂ ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ವೈದ್ಯರು ತೀರ್ಮಾನಿಸಬಲ್ಲರು. ಗುರುತಿಲ್ಲದ ನಾಯಿ ಗುಂಪಿನಲ್ಲಿ ಮರೆಯಾದರೆ ಆ ಮಗುವಿನ ತಾಯಿತಂದೆಗಳಿಗೆ ಈ ನೆಮ್ಮದಿಯಿಲ್ಲ.

ಹಾಗಾದರೆ ಎಲ್ಲರೂ ಚಿಪ್ ಹಾಕಿಸಬೇಕೆ? ನಗರವಾಸಿಗಳು ಹಾಕಿಸುವುದೇ ಲೇಸು. ಮಕ್ಕಳು ಯೂರೋಪಿನ ದೇಶಗಳಲ್ಲಿ ನೆಲಸಿ ನಾಯಿಯನ್ನೂ ಕರೆಸಿಕೊಳ್ಳುವ ಆಲೋಚನೆಯಿದ್ದರಂತೂ ಇದು ಕಡ್ಡಾಯ. ಅಲ್ಲಿ ಚಿಪ್ ಮೊದಲು, ರೇಬೀಸ್ ಲಸಿಕೆ ಆಮೇಲೆ. ಕ್ರಮ ತಪ್ಪಿದರೆ ಹಾಕಿಸಿದ ಲಸಿಕೆ ಲೆಕ್ಕಕ್ಕೆ ಬಾರದು. ಭಾರತದಿಂದ ಹೋಗುವ ನಾಯಿಗೆ ಲಸಿಕೆಯ 30 ದಿನಗಳ ನಂತರ ರಕ್ತಪರೀಕ್ಷೆ, ಅದಾದ ಮೇಲೆ ಮೂರು ತಿಂಗಳ ಕಾಯುವಿಕೆಯೂ ಉಂಟು.

ಮಲ್ಲಿಪಟ್ಟಣದಂಥ ಊರಿನಲ್ಲಿ ನನ್ನ ಸಲಹೆ ಬೇರೆ. ನಾಯಿಯನ್ನು ಹಿಡಿದವರ ಕೈಯಲ್ಲಿ ಸ್ಕ್ಯಾನರ್ ಇಲ್ಲದಿದ್ದರೆ ಚಿಪ್ ಮೂಕ. ಅಲ್ಲಿ ಕೊರಳಪಟ್ಟಿಗೆ ತೂಗುಹಾಕಿದ, ದೂರವಾಣಿ ಸಂಖ್ಯೆ ಕೆತ್ತಿದ ಹಿತ್ತಾಳೆ ಬಿಲ್ಲೆಯೇ ಮೇಲು. ಓದು ಬಲ್ಲ ಹುಡುಗನೂ ನೋಡಿ ಕರೆ ಮಾಡಬಹುದು. ನಗರದಲ್ಲಿ ಚಿಪ್ ಇದ್ದವರೂ ಬಿಲ್ಲೆಯನ್ನು ಬಿಡಬೇಕಾಗಿಲ್ಲ. ಆದರೆ ಕೊರಳಪಟ್ಟಿಯೂ ಗಾಯ ಮಾಡಬಲ್ಲದು. ಮರಿಗೆ ಕಟ್ಟಿದ್ದನ್ನು ಮರೆತು ಬಿಟ್ಟರೆ ಕೊರಳು ಬೆಳೆದು ಪಟ್ಟಿ ಚರ್ಮದೊಳಕ್ಕೆ ಇಳಿಯುತ್ತದೆ. ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಲಿ. ತಿಂಗಳಿಗೊಮ್ಮೆ ಬಿಚ್ಚಿ ಕೊರಳನ್ನು ನೋಡಿ. ಬೆಕ್ಕಿಗಾದರೆ ಕೊಂಬೆಗೆ ಸಿಕ್ಕಿದಾಗ ತಾನೇ ಬಿಚ್ಚಿಕೊಳ್ಳುವಂಥ ಪಟ್ಟಿಯನ್ನೇ ಕೊಳ್ಳಬೇಕು.

ವರ್ಷಕ್ಕೊಮ್ಮೆ ಲಸಿಕೆಗೆ ಹೋದಾಗ ಚಿಪ್ ಓದಿ ತೋರಿಸುವಂತೆ ವೈದ್ಯರನ್ನು ಕೇಳಿ. ನೋಂದಣಿಯಲ್ಲಿರುವ ದೂರವಾಣಿ ಸಂಖ್ಯೆ ಇಂದಿಗೂ ನಿಮ್ಮದೇ ಹೌದೇ ಎಂಬುದನ್ನೂ ಅಂದೇ ನೋಡಿಕೊಳ್ಳಿ. ಇದಿಷ್ಟೂ ದೀಪಾವಳಿಗೆ ಮುಂಚೆ ಆಗಲಿ. ಪಟಾಕಿಯ ಸದ್ದಿಗೆ ಬೆದರಿ ಗೇಟು ಹಾರುವ ನಾಯಿಗಳು ಆ ಮೂರು ರಾತ್ರಿಗಳಲ್ಲಿಯೇ ಹೆಚ್ಚು.