ಎಡಿಟ್ ಆಕ್ಸೆಸ್ ಕೊಡದಿದ್ರೆ ಫ್ರೆಂಡ್ ಅಲ್ವಾ?

1/7

ಫೋಟೋದಲ್ಲಿರೋದು ನನ್ನ ಗೂಗಲ್ ಕ್ಯಾಲೆಂಡರ್. ಬಣ್ಣದ ಡಬ್ಬಿಗಳು ಬಿಟ್ರೆ ಏನೂ ಕಾಣಲ್ಲ, ಯಾಕಂದ್ರೆ ಎಲ್ಲದರ ಮೇಲೂ ಕಪ್ಪು ಬಳಿದಿದ್ದೀನಿ. ಮೂರು ವಾರದ ಹಿಂದೆ ಈ ಕಪ್ಪು ಇರಲಿಲ್ಲ. ನಮ್ಮ ಸೆಕ್ಷನ್‌ನ 54 ಜನರೂ ಇದನ್ನ ಅಕ್ಷರ ಬಿಡದೆ ಓದಬಹುದಿತ್ತು. ಓದಿದ್ರು ಕೂಡ.

ಇದು ಯಾರನ್ನೋ ಬೈಯೋ ಪೋಸ್ಟ್ ಅಂತ ಸ್ಕ್ರೀನ್‌ಶಾಟ್ ತೆಗೆಯೋಕೆ ಕೂತಿರೋರಿಗೆ ಮೊದಲೇ ಹೇಳ್ತೀನಿ, ಹೆಸರು ಒಂದೂ ಬರಲ್ಲ. ಮೊದಲ ತಪ್ಪು ನಂದೇ. ಆದ್ರೆ ಆ ತಪ್ಪನ್ನ ನನ್ನ ಕೈಲಿ ಮಾಡಿಸಿದ ಒಂದು ಮಾತಿದೆ. "ಫ್ರೆಂಡ್ಸ್ ತಾನೆ ಗುರು, ಎಲ್ರಿಗೂ ಎಡಿಟ್ ಕೊಟ್ಬಿಡು." ಈ ಮಾತಿನ ಮೇಲೆ ನಂಗೆ ಕೋಪ ಇದೆ. ಇದನ್ನ ಸ್ನೇಹ ಅಂತ ಕರೀತೀವಿ, ನನ್ನ ಪ್ರಕಾರ ಶುದ್ಧ ಸೋಮಾರಿತನ. ಕೆಲವು ಸಲ ಅದಕ್ಕಿಂತ ಕೆಟ್ಟದ್ದು, ಅದು ಐದನೇ ಪೋಸ್ಟಲ್ಲಿ ಬರತ್ತೆ.

2/7

ನಾನು ಸಿಆರ್ ಆದಾಗ ಕ್ಲಾಸಿನ ಎಲ್ಲಾ ಡೇಟ್‌ಗಳೂ ವಾಟ್ಸಾಪಲ್ಲೇ ಇದ್ವು. ಇಂಟರ್ನಲ್ಸ್ ಯಾವತ್ತು ಅಂತ ಹುಡುಕೋಕೆ ಹೋದ್ರೆ ಮುನ್ನೂರು ಗುಡ್ ಮಾರ್ನಿಂಗ್, ನಲವತ್ತು ಸ್ಟಿಕ್ಕರ್ ದಾಟಬೇಕು. ಅದಕ್ಕೆ ಕ್ಯಾಲೆಂಡರ್ ಮಾಡೋಣ ಅನ್ಕೊಂಡೆ. ಇಲ್ಲೇ ಮೊದಲ ಎಡವಟ್ಟು. ಕ್ಲಾಸಿಗೆ ಅಂತ ಬೇರೆ ಕ್ಯಾಲೆಂಡರ್ ಮಾಡೋ ಬದಲು, ನನ್ನ ಸ್ವಂತ ಕ್ಯಾಲೆಂಡರಿನಲ್ಲೇ ಎಲ್ಲಾ ಹಾಕಿ ಅದನ್ನೇ ಶೇರ್ ಮಾಡಿದೆ. ಬೇರೆ ಮಾಡಬಹುದು ಅಂತ ಗೊತ್ತೂ ಇರಲಿಲ್ಲ, ಹುಡುಕೋ ತಾಳ್ಮೆನೂ ಇರಲಿಲ್ಲ.

ಮೊದಲು ಎಲ್ರಿಗೂ ನೋಡೋ ಪರ್ಮಿಷನ್ ಮಾತ್ರ ಕೊಟ್ಟಿದ್ದೆ. ನನ್ನ ಪರ್ಸನಲ್ ವಿಷಯಗಳನ್ನ ಒಂದೊಂದಾಗಿ 'ಪ್ರೈವೇಟ್' ಅಂತ ಮಾಡಿದ್ದೆ. ಹಾಗೆ ಮಾಡಿದ್ರೆ ನೋಡೋರಿಗೆ 'ಬ್ಯುಸಿ' ಅಂತಷ್ಟೇ ಕಾಣತ್ತೆ. ಅಲ್ಲೀವರೆಗೂ ಸರಿ ಇತ್ತು.

ಆಮೇಲೆ ಗ್ರೂಪಲ್ಲಿ ಶುರುವಾಯ್ತು. "ನಂಗೆ ಎಡಿಟ್ ಬರ್ತಿಲ್ಲ." "ಸಿಆರ್ ಅಂದ್ರೆ ಓನರ್ ಅನ್ಕೊಂಡಿದ್ದಾನೆ." "ನಮ್ಮೇಲೆ ಅಷ್ಟೂ ನಂಬಿಕೆ ಇಲ್ವಾ ಮಗಾ?" ಈ ಮೂರನೇದು ಇದೆಯಲ್ಲ, ಅದಕ್ಕೆ ನಂಗೆ ನಾಚಿಕೆ ಆಯ್ತು. ರಾತ್ರಿ ಹನ್ನೊಂದೂವರೆಗೆ ಎಲ್ರಿಗೂ ಬದಲಾಯಿಸೋ ಪರ್ಮಿಷನ್ ಕೊಟ್ಟೆ. ಮೂವತ್ತು ಹಾರ್ಟ್ ಬಂತು. ಖುಷಿಯಾಗಿ ಮಲಗಿದೆ.

ನಂಗೆ ಗೊತ್ತಿಲ್ಲದೆ ಇದ್ದದ್ದು ಇದು: ಎಡಿಟ್ ಪರ್ಮಿಷನ್ ಇರೋರಿಗೆ ಪ್ರೈವೇಟ್ ಅನ್ನೋದು ಇಲ್ಲ. ನೀವು ಪ್ರೈವೇಟ್ ಅಂತ ಗುರುತು ಹಾಕಿದ್ದೆಲ್ಲ ಅವರಿಗೆ ಪೂರ್ತಿ ಕಾಣತ್ತೆ. ಬೀಗ ಹಾಕಿ, ಕೀನ 54 ಕಾಪಿ ಮಾಡಿ ಹಂಚಿದ ಹಾಗೆ.

ನನ್ನ ಬ್ಯುಸಿ ಏನಾಗಿತ್ತು ಗೊತ್ತಾ? ಶನಿವಾರ, ಭಾನುವಾರ ಕ್ಯಾಟರಿಂಗ್. ಮದುವೆ ಮನೇಲಿ ಬಡಿಸೋಕೆ ಹೋಗ್ತೀನಿ. ಯಾವ ಛತ್ರ, ಎಷ್ಟು ಗಂಟೆಗೆ ಹಾಜರಾಗಬೇಕು, ಎಷ್ಟು ಬಾಕಿ ಬರಬೇಕು ಅಂತ ಎಲ್ಲಾ ಬರ್ಕೊಂಡಿದ್ದೆ. ಅಮ್ಮನ ಆಸ್ಪತ್ರೆ ಡೇಟ್‌ಗಳೂ ಇದ್ವು, ಯಾವ ಟೆಸ್ಟ್ ಅನ್ನೋದರ ಸಮೇತ.

ಸೋಮವಾರ ಕ್ಲಾಸಿಗೆ ಹೋದ್ರೆ ಹಿಂದಿನ ಬೆಂಚಿಂದ ಒಂದು ಕೂಗು. "ಲೇ, ಸ್ವಲ್ಪ ಸಾಂಬಾರ್ ಇಲ್ಲಿಗೆ!"

ಬಡಿಸೋದರಲ್ಲಿ ನಂಗೆ ಅವಮಾನ ಇಲ್ಲ. ಈ ಸೆಮಿಸ್ಟರ್ ಫೀಸ್ ಆ ಬಕೆಟ್ಟು ಸೌಟಿಂದಾನೇ ಕಟ್ಟಿದ್ದು. ಆದ್ರೆ ಅದನ್ನ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ನನ್ನ ಲೆಕ್ಕ. ಅಮ್ಮನ ಟೆಸ್ಟ್ ವಿಷಯವಂತೂ ನನ್ನ ಲೆಕ್ಕಾನೂ ಅಲ್ಲ, ಅಮ್ಮಂದು. ಅವರನ್ನ ಕೇಳದೇ 54 ಜನರಿಗೆ ಹೇಳಿಬಿಟ್ಟಿದ್ದೆ.

3/7

ಎರಡನೇ ಹೊಡೆತ ನಂಗೆ ಬೀಳಲಿಲ್ಲ, ಬೇರೆಯವನಿಗೆ ಬಿತ್ತು. ಅದಕ್ಕೇ ಜಾಸ್ತಿ ಹೊಟ್ಟೆ ಉರಿಯೋದು.

ಎಕ್ಸಾಂ ಫೀಸ್ ಕಟ್ಟೋಕೆ ದಂಡ ಇಲ್ಲದ ಕೊನೇ ದಿನಾನ ನೋಟಿಫಿಕೇಷನ್ ನೋಡಿ ಸರಿಯಾಗೇ ಹಾಕಿದ್ದೆ. ಯಾರೋ ಫೋನಲ್ಲಿ ನೋಡುವಾಗ ಬೆರಳು ತಾಗಿ ಆ ಡಬ್ಬಿ ಮುಂದಿನ ವಾರಕ್ಕೆ ಜರುಗಿದೆ. ಬೇಕಂತ ಮಾಡಿದ್ದಲ್ಲ ಅಂತ ನಾನು ನಂಬ್ತೀನಿ. ಹೆಚ್ಚಿನವರು ಅಷ್ಟೊತ್ತಿಗೆ ಕಟ್ಟಿ ಆಗಿತ್ತು. ಒಬ್ಬ ಮಾತ್ರ, ದಿನಾ ಹಳ್ಳಿಯಿಂದ ಎರಡು ಬಸ್ ಹತ್ತಿ ಬರೋನು, ಕ್ಯಾಲೆಂಡರ್ ನಂಬ್ಕೊಂಡು ಕೂತಿದ್ದ. ದಂಡ ಸೇರಿಸಿ ಕಟ್ಟಿದ. ಅವನ ಒಂದು ವಾರದ ಊಟದ ದುಡ್ಡಿಗಿಂತ ಜಾಸ್ತಿ.

ಯಾರು ಜರುಗಿಸಿದ್ದು? ಗೊತ್ತಿಲ್ಲ. ಎಲ್ರಿಗೂ ಎಡಿಟ್ ಇತ್ತು, ಹಾಗಾಗಿ ಯಾರೂ ಅಲ್ಲ. ಗ್ರೂಪಲ್ಲಿ ಕೇಳಿದೆ, ಐವತ್ತು ಜನ ನೋಡಿದ್ರು, ಒಬ್ಬರೂ ಟೈಪ್ ಮಾಡಲಿಲ್ಲ. ಹಾರ್ಟ್ ಹಾಕಿದ ಮೂವತ್ತು ಜನ ಎಲ್ಲಿ ಹೋದ್ರೋ.

ಈಗ ಬಿಕಾಂ ಹುಡುಗರಾಗಿ ಯೋಚನೆ ಮಾಡಿ. ಆಡಿಟಿಂಗ್ ಪೇಪರಲ್ಲಿ ಇಂಟರ್ನಲ್ ಚೆಕ್ ಅಂತ ಎಂಟು ಮಾರ್ಕಿಗೆ ಉರು ಹೊಡೀತೀವಿ. ಕ್ಯಾಶ್ ತಗೊಳೋನು ಲೆಡ್ಜರ್ ಬರೀಬಾರದು. ಒಬ್ಬನ ಕೆಲಸ ಇನ್ನೊಬ್ಬನ ಕಣ್ಣಿಗೆ ತಾನಾಗೇ ಬೀಳೋ ಹಾಗೆ ಹಂಚಬೇಕು. ಕ್ಯಾಷಿಯರ್ ಕಳ್ಳ ಅಂತ ಮೊದಲೇ ತೀರ್ಮಾನ ಮಾಡಿ ಈ ನಿಯಮ ಮಾಡಿದ್ದಲ್ಲ. ನಾಳೆ ದುಡ್ಡು ಕಮ್ಮಿ ಬಂದ್ರೆ ಪ್ರಾಮಾಣಿಕ ಕ್ಯಾಷಿಯರ್ ಮೇಲೆ ಸುಮ್ಮನೆ ಅನುಮಾನ ಬೀಳಬಾರದು ಅನ್ನೋದೂ ಅದರಲ್ಲಿದೆ. ಟ್ಯಾಲಿ ಲ್ಯಾಬಲ್ಲಿ ನೋಡಿಲ್ವಾ, ಓನರ್ ಬೇರೆ, ಡೇಟಾ ಎಂಟ್ರಿ ಬೇರೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಇರಲೇಬೇಕು, ಯಾವ ಎಂಟ್ರಿ ಯಾವಾಗ ಬದಲಾಯ್ತು ಅಂತ ದಾಖಲಾಗಬೇಕು, ಅದನ್ನ ಆಫ್ ಮಾಡೋ ಹಾಗಿಲ್ಲ. ಇದನ್ನೆಲ್ಲ ಓದಿ ಪಾಸಾಗೋ ನಾವು, ಒಂದು ಕ್ಲಾಸ್ ಕ್ಯಾಲೆಂಡರಿಗೆ 54 ಓನರ್ ಮಾಡ್ತೀವಿ. ಎರರ್ ಆಫ್ ಕಮಿಷನ್‌ಗೆ ಉದಾಹರಣೆ ಕೊಡಿ ಅಂದ್ರೆ ನನ್ನ ಫೋಟೋ ಅಂಟಿಸಬಹುದು.

4/7

ಸ್ಟೋರಿ ಹಾಕಿದಾಗ ಬಂದ ಮಾತುಗಳಿಗೆ ಉತ್ತರ.

"ಮುಚ್ಚಿಡೋಕೆ ಏನಿದೆ ಅಂತ ಇಷ್ಟು ಬಿಲ್ಡಪ್?" ಬಾತ್‌ರೂಮಿಗೆ ಚಿಲಕ ಹಾಕೋರೆಲ್ಲ ಒಳಗೆ ಕಳ್ಳತನ ಮಾಡ್ತಿದ್ದಾರಾ? ಇನ್ನೊಂದು ವಿಷಯ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಕೇಸಿಗೆ ಯಾರ ಹೆಸರಿದೆ ಗೊತ್ತಾ? ಕೆ. ಎಸ್. ಪುಟ್ಟಸ್ವಾಮಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 80 ದಾಟಿದ ಮೇಲೆ ಆಧಾರ್ ವಿಷಯಕ್ಕೆ ಕೋರ್ಟಿಗೆ ಹೋದವರು. ಆ ತೀರ್ಪು ಸರ್ಕಾರ ಮತ್ತು ಪ್ರಜೆಗಳ ನಡುವಿನದು, ಹಿಂದಿನ ಬೆಂಚಿನವನ ಮೇಲೆ ಕೇಸ್ ಹಾಕೋಕೆ ಅದು ಬರಲ್ಲ, ಗೊತ್ತು. ಆದ್ರೆ "ಮುಚ್ಚಿಡೋಕೆ ಏನಿದೆ" ಅನ್ನೋ ಪ್ರಶ್ನೆನೇ ತಪ್ಪು ಅಂತ ಅಷ್ಟು ದೊಡ್ಡೋರು ಕೂತು ಯೋಚಿಸಿದ್ದಾರೆ. ಸರ್ಕಾರ ಕೇಳಿದ್ರೆ ಸಿಡುಕೋ ನಾವು, ಫ್ರೆಂಡ್ ಕೇಳಿದ ತಕ್ಷಣ ಎಲ್ಲಾ ಬಿಚ್ಚಿಡ್ತೀವಿ.

"ಎಲ್ರಿಗೂ ಎಡಿಟ್ ಇದ್ರೆ ಕೆಲಸ ಬೇಗ ಆಗತ್ತೆ." ಆಯ್ತಾ? ನಮ್ಮಲ್ಲಿ ಎಡಿಟ್ ಇದ್ದ 54 ಜನರಲ್ಲಿ ಹೊಸ ಡೇಟ್ ಸೇರಿಸಿದ್ದು ಮೂರೇ ಜನ. ನಾನು, ಒಬ್ಬ ಫ್ರೆಂಡ್, ಮತ್ತೆ ಯಾರೋ ತಮ್ಮ ಬರ್ತ್‌ಡೇ ಹಾಕ್ಕೊಂಡಿದ್ದು.

"ಬೇಡಪ್ಪಾ, ವಾಟ್ಸಾಪೇ ಸಾಕು." ಇದನ್ನ ಮಾತ್ರ ಅರ್ಧ ಒಪ್ತೀನಿ. ಐದು ಜನರ ಗ್ಯಾಂಗಿಗೆ ಸಾಕು.

5/7

ಇದನ್ನ ಬರೀಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿದೆ. ಅವಳನ್ನ ಕೇಳಿ, ಅವಳು ಹೂಂ ಅಂದ ಮೇಲೆ ಬರೀತಿದ್ದೀನಿ. ಯಾರು, ಯಾವ ಊರು ಅಂತ ಡಿಎಂ ಮಾಡಬೇಡಿ.

ಸ್ಟೋರಿ ನೋಡಿ ಒಬ್ಬ ಹುಡುಗಿ ಮೆಸೇಜ್ ಮಾಡಿದ್ಲು. ಅವಳ ಬಾಯ್‌ಫ್ರೆಂಡ್ ಪಾಸ್‌ವರ್ಡ್ ಕೇಳಲ್ವಂತೆ, "ನಾನು ಆ ಥರ ಅಲ್ಲ" ಅಂತಾನಂತೆ. ಕ್ಯಾಲೆಂಡರ್ ಮಾತ್ರ ಕೇಳ್ದ. "ನೀನು ಎಲ್ಲಿದೀಯಾ ಅಂತ ಗೊತ್ತಿದ್ರೆ ನಂಗೆ ನಿಶ್ಚಿಂತೆ." ಕೊಟ್ಲು, ಅದೂ ಎಡಿಟ್ ಸಮೇತ. ಮೊದಲ ತಿಂಗಳು "ಊಟ ಮಾಡು" ಅಂತ ಹಾಕ್ತಿದ್ದ, ಮುದ್ದಾಗಿತ್ತಂತೆ. ಆಮೇಲೆ ಅವಳು ಫ್ರೆಂಡ್ಸ್ ಜೊತೆ ಸಿನಿಮಾ ಅಂತ ಹಾಕಿದ್ರೆ ಅದು ಮಾಯ. ಪ್ಲೇಸ್‌ಮೆಂಟ್ ಟ್ರೈನಿಂಗ್ ಇದ್ದ ಜಾಗದಲ್ಲಿ "ಕಾಲ್". ಕೇಳಿದ್ರೆ, "ನೀನೇ ತಾನೆ ಪರ್ಮಿಷನ್ ಕೊಟ್ಟಿದ್ದು?"

ಪರ್ಮಿಷನ್ ಅನ್ನೋ ಪದ ಇಲ್ಲಿ ತಲೆಕೆಳಗಾಯ್ತು ನೋಡಿ. ಇವಳು ಅವನಿಗೆ ಕೊಟ್ಟಿದ್ದು ಪರ್ಮಿಷನ್. ಕೊನೆಗೆ ಸಿನಿಮಾಗೆ ಹೋಗೋಕೆ ಇವಳೇ ಅವನ ಪರ್ಮಿಷನ್ ಕೇಳೋ ಹಾಗಾಯ್ತು. ವಾಪಸ್ ತಗೋ ಅಂದೆ. "ತಗೊಂಡ್ರೆ ಅವನಿಗೆ ಗೊತ್ತಾಗತ್ತಲ್ಲ" ಅಂದ್ಲು. ಆ ಸಾಲು ಓದಿ ನಂಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಅವಳ ಅಕ್ಕನಿಗೆ ಹೇಳು, ಒಬ್ಬಳೇ ಇದನ್ನ ಹೊರಬೇಡ ಅಂತಷ್ಟೇ ಹೇಳಿದೆ. ಹೇಳಿದ್ದಾಳೆ.

ಹುಡುಗರೇ, ನಿಮ್ಮಲ್ಲಿ ಯಾರಾದ್ರೂ "ಸುಮ್ನೆ ಸೇಫ್ಟಿಗೆ" ಅಂತ ಕೇಳಿದ್ರೆ, ಯಾರ ಸೇಫ್ಟಿ ಅಂತ ನಿಮ್ಮನ್ನ ನೀವೇ ಕೇಳ್ಕೊಳಿ. ಇಷ್ಟ ಇದ್ರೆ ಅನ್‌ಫಾಲೋ ಮಾಡಿ, ಪರವಾಗಿಲ್ಲ.

6/7

ಇದನ್ನ ಸೇವ್ ಮಾಡ್ಕೊಳಿ. ಸೆಟ್ಟಿಂಗ್ ವಿಷಯ.

ಫೋನಿನ ಆ್ಯಪಲ್ಲಿ ಒದ್ದಾಡಬೇಡಿ, ಕಂಪ್ಯೂಟರ್ ಬ್ರೌಸರಲ್ಲಿ ತೆಗೀರಿ. ಕಾಲೇಜ್ ಲ್ಯಾಬಲ್ಲಿ ಮಾಡಿದ್ರೆ ಲಾಗೌಟ್ ಆಗಿ ಮಾರಾಯ್ರೇ, ಇಲ್ಲಾಂದ್ರೆ ಇಷ್ಟೂ ಓದಿದ್ದು ವೇಸ್ಟ್. ಎಡಗಡೆ ನಿಮ್ಮ ಕ್ಯಾಲೆಂಡರ್ ಹೆಸರಿನ ಪಕ್ಕ ಮೂರು ಚುಕ್ಕಿ ಒತ್ತಿದ್ರೆ 'ಸೆಟ್ಟಿಂಗ್ಸ್ ಅಂಡ್ ಶೇರಿಂಗ್' ಬರತ್ತೆ. ಅಲ್ಲಿ ಯಾರ ಯಾರ ಹೆಸರಿದೆ ಅಂತ ಮೊದಲು ನೋಡಿ. ನನ್ನದರಲ್ಲಿ ಎರಡು ವರ್ಷದ ಹಿಂದೆ ಪಿಯುಸಿಲಿ ಜಗಳ ಆದವನೊಬ್ಬ ಇನ್ನೂ ಇದ್ದ.

ಪ್ರತಿ ಹೆಸರಿನ ಮುಂದೆ ನಾಲ್ಕು ಮಟ್ಟ ಇವೆ. ಮೊದಲನೇದು ಬರೀ ಫ್ರೀ, ಬ್ಯುಸಿ ತೋರಿಸತ್ತೆ. ಗ್ರೂಪ್ ಸ್ಟಡಿಗೆ ಟೈಮ್ ಹುಡುಕೋಕೆ ಇದು ಧಾರಾಳ ಸಾಕು, ನಾನು ಯಾಕೆ ಬ್ಯುಸಿ ಅನ್ನೋದು ಬ್ಯಾಲೆನ್ಸ್ ಶೀಟ್ ಟ್ಯಾಲಿ ಮಾಡೋಕೆ ಬೇಕಾಗಿಲ್ಲ. ಎರಡನೇದು ಎಲ್ಲಾ ವಿವರ ತೋರಿಸತ್ತೆ, ಪ್ರೈವೇಟ್ ಮಾಡಿದ್ದು ಬಿಟ್ಟು. ಮೂರನೇದು ಬದಲಾಯಿಸೋ ಅಧಿಕಾರ. ಇಲ್ಲಿಂದ ಪ್ರೈವೇಟ್ ಕೂಡ ಕಾಣತ್ತೆ, ಡಿಲೀಟ್ ಆಗಿ ಕಸದ ಬುಟ್ಟಿಗೆ ಹೋಗಿದ್ದನ್ನ ವಾಪಸ್ ತರೋದು, ಪೂರ್ತಿ ಅಳಿಸೋದು ಎರಡೂ ಅವರ ಕೈಲಿರತ್ತೆ. ನಾಲ್ಕನೇದು ಇದರ ಮೇಲೆ ಹಂಚೋ ಅಧಿಕಾರ. ಅದಿರೋರು ನಿಮ್ಮನ್ನ ಕೇಳದೇ ಇನ್ನೊಬ್ಬರನ್ನ ಸೇರಿಸಬಹುದು.

'ಮೇಕ್ ಅವೈಲಬಲ್ ಟು ಪಬ್ಲಿಕ್' ಅಂತ ಒಂದು ಟಿಕ್ ಬಾಕ್ಸ್ ಇದೆ. ಅದನ್ನ ಒತ್ತಿದ್ರೆ ಗೂಗಲ್ ಸರ್ಚಲ್ಲೂ ಸಿಗಬಹುದು ಅಂತ ಅದೇ ಎಚ್ಚರಿಕೆ ಕೊಡತ್ತೆ, ನಾವು ಓದದೇ ಓಕೆ ಒತ್ತೋ ಜನ. ಇನ್ನೂ ಕೆಳಗೆ 'ಸೀಕ್ರೆಟ್ ಅಡ್ರೆಸ್' ಅಂತ ಲಿಂಕ್ ಇರತ್ತೆ. ಅದು ಯಾರ ಕೈಗೆ ಸಿಕ್ಕಿದ್ರೂ ಎಲ್ಲಾ ನೋಡಬಹುದು. ಗ್ರೂಪಲ್ಲಿ ಯಾವಾಗಾದ್ರೂ ಹಾಕಿದ್ರೆ ರೀಸೆಟ್ ಒತ್ತಿ, ಹಳೇ ಲಿಂಕ್ ಸಾಯತ್ತೆ.

ಕ್ಲಾಸಿಗೆ, ಫೆಸ್ಟಿಗೆ, ಟ್ರಿಪ್ಪಿಗೆ ಬೇರೆ ಬೇರೆ ಕ್ಯಾಲೆಂಡರ್ ಮಾಡಿ. ಒಂದೇ ಅಕೌಂಟಲ್ಲಿ ಆಗತ್ತೆ, ದುಡ್ಡಿಲ್ಲ. ಅಮ್ಮನ ಟೆಸ್ಟು ಕಾಸ್ಟ್ ಅಕೌಂಟಿಂಗ್ ಟೆಸ್ಟಿನ ಪಕ್ಕ ಕೂರಬಾರದು.

ಕಿತ್ತು ಹಾಕಿದ್ರೆ ಮುಂದೆ ಕಾಣಲ್ಲ ಅಷ್ಟೇ. ನೋಡಿದ್ದು ನೋಡಿದ್ದೇ. ಸಾಂಬಾರ್ ಕೂಗು ಈಗಲೂ ಬರತ್ತೆ.

7/7

ನಿನ್ನೆ ರಾತ್ರಿ ಹೊಸ ಕ್ಯಾಲೆಂಡರ್ ಮಾಡಿದೆ, ಕ್ಲಾಸಿಗೆ ಮಾತ್ರ. ಬದಲಾಯಿಸೋ ಅಧಿಕಾರ ಇಬ್ಬರಿಗೆ, ನಂಗೆ ಮತ್ತೆ ದಂಡ ಕಟ್ಟಿದವನಿಗೆ. ಅವನೇ ಕೇಳ್ದ, "ಇನ್ಮೇಲೆ ಫೀಸ್ ಡೇಟ್ ನಾನೇ ನೋಡ್ಕೋತೀನಿ" ಅಂತ. ನಾನು ಹಾಕಿದ್ದನ್ನ ಅವನು ನೋಟಿಫಿಕೇಷನ್ ಜೊತೆ ತಾಳೆ ಹಾಕ್ತಾನೆ, ಅವನು ಹಾಕಿದ್ದನ್ನ ನಾನು. ಏನಾದ್ರೂ ಬದಲಾದ್ರೆ ಇಬ್ಬರಿಗೂ ಮೇಲ್ ಬರೋ ಹಾಗೆ ಇಟ್ಟಿದ್ದೀವಿ. ದಂಡದ ಅರ್ಧ ನಾನು ಕೊಟ್ಟೆ. ತಗೊಳಲ್ಲ ಅಂದ, ಬ್ಯಾಗಲ್ಲಿ ತುರುಕಿದೆ.

ಉಳಿದ 52 ಜನರಿಗೆ ನೋಡೋಕೆ ಮಾತ್ರ. ಎಡಿಟ್ ಬೇಕು ಅನ್ನೋರು ಕಾಮೆಂಟಲ್ಲಿ ಯಾವ ಕೆಲಸಕ್ಕೆ ಬೇಕು ಅಂತ ಒಂದು ಸಾಲು ಬರೀರಿ, ಕೊಡ್ತೀನಿ. "ಫ್ರೆಂಡ್ ತಾನೆ" ಅನ್ನೋದು ಕಾರಣ ಅಲ್ಲ.

ಹಿಂದಿನ ಬೆಂಚಿನೋನೇ, ಮುಂದಿನ ತಿಂಗಳು ನಿಮ್ಮ ಅಕ್ಕನ ಮದುವೆ ಕ್ಯಾಟರಿಂಗ್ ನಮ್ಮವರೇ ಹಿಡಿದಿರೋದು. ಬರ್ತೀನಿ. ಸಾಂಬಾರ್ ಎಷ್ಟು ಬೇಕೋ ಕೇಳು, ಬಡಿಸ್ತೀನಿ.